ಗೆಳೆಯನಿಗೊಂದು ಪತ್ರ: ಅವ್ವನ ಬಳಿ ಬಿಟ್ಟುಹೋದ ಮಕ್ಕಳು

ಪ್ರಿಯ ಗೆಳೆಯ,

ತೊಗರಿಯ ರಾಶಿ ಮುಗಿಯುತ್ತಲೇ ನಮ್ಮ ದೇವದುರ್ಗದ ಕಡೆಯಿಂದ ಗುಳೆ ಹೊರಟವರ ಜೊತೆ ನೀವಿಬ್ಬರೂ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದಿರಿ. ಮಕ್ಕಳ ಶಾಲೆ ತಪ್ಪಬಾರದೆಂದು ಅವರನ್ನು ನಿಮ್ಮ ಅವ್ವನ ಬಳಿ ಬಿಟ್ಟದ್ದು ಸರಿಯೆಂದೇ ನಾನು ಈಗಲೂ ನಂಬಿದ್ದೇನೆ. ಆದರೆ ಅವ್ವ ಫೋನಿನಲ್ಲಿ ನಿನಗೆ ಹೇಳದೆ ನುಂಗಿಕೊಳ್ಳುವ ಮಾತುಗಳನ್ನು ಎದುರುಮನೆಯವನಾದ ನಾನು ಬರೆಯಲೇಬೇಕಾಗಿದೆ.

ಅರವತ್ತೆಂಟರ ವಯಸ್ಸಿನಲ್ಲಿ ಅವರು ನಸುಕಿಗೇ ಎದ್ದು ರೊಟ್ಟಿ ಬಡಿದು, ಮಗಳಿಗೆ ಜಡೆ ಹೆಣೆದು, ಇಬ್ಬರನ್ನೂ ಶಾಲೆಯವರೆಗೆ ಬಿಟ್ಟು ಬರುತ್ತಾರೆ. 2002ರಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲೇ ಮೊದಲು ಆರಂಭವಾದ ಬಿಸಿಯೂಟ ಇಂದು ಅವರ ಒಂದು ಹೊತ್ತಿನ ಅಡುಗೆಯ ಭಾರವನ್ನು ಇಳಿಸಿದೆ. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು ಕೊಂಡ ಮೇಲೆ ಅವರ ಮಂಡಿನೋವಿನ ಗುಳಿಗೆಗೆ ಉಳಿಯುವುದು ಅಷ್ಟಕ್ಕಷ್ಟೇ. ರಾತ್ರಿ ನಿನ್ನ ಮಗ ಮಗ್ಗಿ ಒಪ್ಪಿಸುವಾಗ, ಅಕ್ಷರ ಕಲಿಯದ ಅವರು ಅವನ ದನಿ ತಡವರಿಸಿದ ಕಡೆ ತಪ್ಪಿದೆಯೆಂದು ತಿಳಿದು ಮತ್ತೊಮ್ಮೆ ಹೇಳಿಸುತ್ತಾರೆ. ಇದನ್ನು ಮಕ್ಕಳನ್ನು ನೋಡಿಕೊಳ್ಳುವುದು ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಅವರು ಎರಡನೆಯ ಬಾರಿ ತಾಯಿಯಾಗಿದ್ದಾರೆ.

ಹೀಗಿದ್ದರೂ ಕಾಗದಪತ್ರದಲ್ಲಿ ಅವರು ಯಾರೂ ಅಲ್ಲ. ಕಳೆದ ತಿಂಗಳು ಮಗಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ನಾವಿಬ್ಬರೂ ಹೋದಾಗ, ತಂದೆ ಅಥವಾ ತಾಯಿಯೇ ಬಂದು ಸಹಿ ಮಾಡಬೇಕೆಂದು ಹಿಂದೆ ಕಳಿಸಿದರು. 1956ರ ಕಾಯ್ದೆಯ ಪ್ರಕಾರ ಹಿಂದೂ ಮಗುವಿಗೆ ಸಹಜ ಪಾಲಕರೆಂದರೆ ತಂದೆ ಮತ್ತು ತಾಯಿ. ನ್ಯಾಯಾಲಯ ನೇಮಿಸದ ಹೊರತು ಸಾಕುವ ಅಜ್ಜಿಗೆ ಆ ಸ್ಥಾನವಿಲ್ಲ. ಆಧಾರ್‌ಗೆ ಜೋಡಿಸಿದ ಫೋನು ನಿನ್ನ ಬಳಿ ಇರುವುದರಿಂದ ಓಟಿಪಿಯೂ ನಿನಗೇ ಬರುತ್ತದೆ, ನೀನು ಕಂಬಿ ಕಟ್ಟುತ್ತಿರುವ ಹೊತ್ತಿನಲ್ಲಿ ಅದನ್ನು ಕೇಳಿ ಪಡೆಯುವುದು ಆಗುವುದಿಲ್ಲ. ಅಂದು ಮರಳಿ ಬರುವಾಗ ಬಸ್ಸಿನಲ್ಲಿ ಅವ್ವ ಒಂದು ಮಾತನ್ನೂ ಆಡಲಿಲ್ಲ.

ಆದ್ದರಿಂದ ಕಾರಹುಣ್ಣಿಮೆಯವರೆಗೆ ಕಾಯದೆ, ಒಂದು ವಾರದ ಪಗಾರ ಹೋದರೂ ಸರಿ, ಒಮ್ಮೆ ಬಂದು ಖಾತೆಯ ಕೆಲಸ ಮುಗಿಸಿ, ಅವ್ವನ ಕಣ್ಣನ್ನೂ ತೋರಿಸು. ಸೂಜಿಗೆ ದಾರ ಪೋಣಿಸಲು ಈಗ ಮೊಮ್ಮಗಳನ್ನೇ ಕರೆಯುತ್ತಾರೆ. ಮಗಳಿಗೆ ಚಪ್ಪಲಿ ತರುವುದಾದರೆ ಹಳೆಯ ಅಳತೆ ಸಾಲದು. ಅವ್ವ ಅವಳ ಪಾದವನ್ನು ದಾರದಿಂದ ಅಳೆದು ಗಂಟು ಹಾಕಿ ಇಟ್ಟಿದ್ದರು. ನಾನು ಅದನ್ನು ಪಟ್ಟಿಯ ಮೇಲಿಟ್ಟು ನೋಡಿದೆ, ಹದಿನೆಂಟು ಸೆಂಟಿಮೀಟರ್ ಇದೆ.

ನಿನ್ನ ಗೆಳೆಯ