ತೋಳು ಹಿಡಿದು ಹಿಂದಕ್ಕೆಳೆದ ಅಪರಿಚಿತರಿಗೆ

ಊರಿನಿಂದ ಬಂದಿದ್ದ ನಮ್ಮ ಚಿಕ್ಕಪ್ಪನವರು ಮುಂಬಯಿಯ ಉಪನಗರ ನಿಲ್ದಾಣವೊಂದರಲ್ಲಿ, ಮೇಲ್ಸೇತುವೆಯ ಮೆಟ್ಟಿಲು ಹತ್ತಲಾರದೆ, ಮುಂದೆ ಹೋಗುತ್ತಿದ್ದವರನ್ನು ನಂಬಿ ಪ್ಲಾಟ್‌ಫಾರ್ಮಿನ ತುದಿಯ ಇಳಿಜಾರಿನಿಂದ ಹಳಿಗೆ ಇಳಿದಾಗ, ಅವರ ತೋಳು ಹಿಡಿದು ಹಿಂದಕ್ಕೆಳೆದ ತಮಗೆ ನಮ್ಮ ಕುಟುಂಬದ ಪರವಾಗಿ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತೇನೆ. ಹೆಸರು ಕೇಳುವಷ್ಟರಲ್ಲಿ ತಾವು ಜನಸಂದಣಿಯಲ್ಲಿ ಬೆರೆತುಹೋಗಿದ್ದಿರಿ.

ಚಿಕ್ಕಪ್ಪನವರ ಗಮನವೆಲ್ಲ ನಿಲ್ದಾಣದಿಂದ ಹೊರಡುತ್ತಿದ್ದ ಸ್ಲೋ ಲೋಕಲಿನ ಮೇಲಿತ್ತು. ಅದರ ಮರೆಯಲ್ಲಿ, ಅದರ ಸದ್ದಿನೊಳಗೇ ತನ್ನ ಸದ್ದನ್ನು ಅಡಗಿಸಿಕೊಂಡು, ಅಲ್ಲಿ ನಿಲ್ಲದ ಫಾಸ್ಟ್ ಲೋಕಲೊಂದು ಪಕ್ಕದ ಹಳಿಯಲ್ಲಿ ಬರುತ್ತಿದ್ದುದು ತಮ್ಮ ಕಣ್ಣಿಗೆ ಬಿತ್ತು. 12 ಬೋಗಿಗಳ ಗಾಡಿ ಪೂರ್ಣ ವೇಗದಲ್ಲಿದ್ದರೆ, ಮೋಟರ್‌ಮನ್ ತಕ್ಷಣ ಬ್ರೇಕ್ ಹಾಕಿದರೂ ಅದು ನಿಲ್ಲುವುದು ನೂರಾರು ಮೀಟರ್ ಸಾಗಿದ ಬಳಿಕ. ನೇರ ಎದುರಿನಿಂದ ಬರುವ ಗಾಡಿಯ ವೇಗವನ್ನು ಬರಿಗಣ್ಣಿನಿಂದ ಅಂದಾಜು ಮಾಡುವುದಂತೂ ಎಳೆಯರಿಗೂ ಕಷ್ಟ.

ಹೀಗೆ ಹಳಿ ದಾಟುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪರಾಧ. ಆದರೆ ಮೊಣಕಾಲು ನೋವಿನ ಹಿರಿಯರನ್ನು ಕಲಮೊಂದೇ ತಡೆದೀತೆಂದು ನನಗನ್ನಿಸುವುದಿಲ್ಲ. ಲಿಫ್ಟ್ ಎಲ್ಲಿದೆಯೆಂಬ ಫಲಕ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. (ದಿನವೂ ಓಡಾಡುವ ನನಗೇ ಅಲ್ಲಿ ಲಿಫ್ಟ್ ಇರುವುದು ತಿಳಿದಿರಲಿಲ್ಲ.) ಸುತ್ತಲಿನವರು ಗದರುತ್ತಿದ್ದಾಗ ತಾವು ಒಂದು ಬಿರುಸು ಮಾತನ್ನೂ ಆಡದೆ, ನಡುಗುತ್ತಿದ್ದ ಅವರಿಗೆ ನೀರು ಕೊಟ್ಟು, ತಮ್ಮ ಗಾಡಿಯನ್ನು ತಪ್ಪಿಸಿಕೊಂಡು ಆ ಲಿಫ್ಟಿನವರೆಗೂ ಕರೆದೊಯ್ದದ್ದಕ್ಕೆ ಪ್ರತ್ಯೇಕವಾಗಿ ವಂದಿಸುತ್ತೇನೆ.