ಶನಿವಾರದ ಲ್ಯಾಬ್ ಇನ್‌ಸ್ಟಾಲೇಶನ್: ಡಿಸ್ಕ್, ನೆಟ್‌ವರ್ಕ್ ವಿವರ ಬೇಕು

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 10ಕ್ಕೆ ಎರಡನೇ ಲ್ಯಾಬಿನ 24 ಕಂಪ್ಯೂಟರ್‌ಗಳಿಗೂ ಕಿಕ್‌ಸ್ಟಾರ್ಟ್ (ಆಯ್ಕೆಗಳನ್ನೆಲ್ಲ ಮೊದಲೇ ಒಂದು ಫೈಲಿನಲ್ಲಿ ಬರೆದಿಟ್ಟು ತಾನಾಗಿಯೇ ಇನ್‌ಸ್ಟಾಲ್ ಆಗುವ ವಿಧಾನ) ಮೂಲಕ ರಾಕಿ ಲಿನಕ್ಸ್ 9 ಆಪರೇಟಿಂಗ್ ಸಿಸ್ಟಂ ಹಾಕುತ್ತಿದ್ದೇವೆ.

ಡಿಸ್ಕ್ ವಿಷಯದಲ್ಲಿ ದಯವಿಟ್ಟು ಎಚ್ಚರ. ಆ ಫೈಲಿನಲ್ಲಿ ಬರೀ 'ಕ್ಲಿಯರ್‌ಪಾರ್ಟ್ ಆಲ್' (ಎಲ್ಲ ಪಾರ್ಟಿಶನ್ ಅಳಿಸು) ಎಂದಿದ್ದರೆ ಸಿಕ್ಕಿಸಿಟ್ಟ ಬ್ಯಾಕಪ್ ಡಿಸ್ಕೂ ಅಳಿಸಿಹೋಗುತ್ತದೆ, ಒಂದು ಮಾತೂ ಕೇಳುವುದಿಲ್ಲ. ಅದಕ್ಕೇ 'ಇಗ್ನೋರ್‌ಡಿಸ್ಕ್' ಸಾಲಿನಲ್ಲಿ ಬಳಸಬೇಕಾದ ಒಂದೇ ಡಿಸ್ಕ್ ಹೆಸರಿಸುತ್ತಿದ್ದೇನೆ, ಉಳಿದವನ್ನು ಇನ್‌ಸ್ಟಾಲರ್ ಮುಟ್ಟುವುದಿಲ್ಲ. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರುಗಳು ಬೂಟ್ ಆಗುವಾಗ ಅದಲುಬದಲಾಗಬಹುದು; ಹಾಗಾಗಿ ಡಿಸ್ಕಿನ ಸೀರಿಯಲ್ ನಂಬರ್ ಬೇಕು.

ನೆಟ್‌ವರ್ಕ್‌ಗೆ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಸಾಕು, ಐಪಿ ವಿಳಾಸವನ್ನು ಡಿಎಚ್‌ಸಿಪಿಯಲ್ಲಿ (ಐಪಿ ವಿಳಾಸಗಳನ್ನು ತಾನಾಗಿಯೇ ಹಂಚುವ ಸೇವೆ) ಕಾಯ್ದಿರಿಸುತ್ತೇನೆ.

ನಿಮ್ಮ ಸಾಲಿನ ಕಂಪ್ಯೂಟರ್‌ಗಳ ಎರಡೂ ವಿವರಗಳನ್ನು ಗುರುವಾರ ಸಂಜೆಯೊಳಗೆ ಇಲ್ಲೇ ಹಾಕಿ. ವಿದ್ಯಾರ್ಥಿಗಳ ಪ್ರಾಜೆಕ್ಟ್ ಫೈಲುಗಳಿದ್ದರೆ ಅಷ್ಟರೊಳಗೆ ಕಾಪಿ ಮಾಡಿಸಿ, 'ಆಯಿತು' ಎಂದು ತಿಳಿಸಿ. ಉತ್ತರ ಬಾರದ ಕಂಪ್ಯೂಟರನ್ನು ನಾನು ಮುಟ್ಟುವುದಿಲ್ಲ.