ಗೌಡ್ರಿಗೆ ಒಂದು ಥ್ಯಾಂಕ್ಸ್, ತಡವಾಗಿ

ಕಳೆದ ಗುರುವಾರ ನನ್ನ ಫ್ಲೈಟ್ ಟೆಸ್ಟ್ ಪಾಸಾಯಿತು. ಒಂದು ಸಲ ಗಾಳಿ ಜಾಸ್ತಿ ಅಂತ, ಇನ್ನೊಂದು ಸಲ ಕಾಡ್ಗಿಚ್ಚಿನ ಹೊಗೆ ಅಂತ ಮುಂದಕ್ಕೆ ಹೋಗಿ ಹೋಗಿ, ಕೊನೆಗೂ 43ನೇ ವಯಸ್ಸಿಗೆ ನಾನು ಪೈಲಟ್. ಫೋನ್ ಮಾಡಿದವರಿಗೆ, ಮೆಸೇಜ್ ಹಾಕಿದವರಿಗೆ ಎಲ್ಲರಿಗೂ ಥ್ಯಾಂಕ್ಸ್. "ಹಾಸನದ ಹುಡುಗಿ ವಿಮಾನ ಓಡಿಸ್ತಾಳೆ" ಅಂತ ಊರಿನವರಿಗೆಲ್ಲ ಹೇಳಿಕೊಂಡು ಬಂದ ನಮ್ಮ ಸೋದರಮಾವನಿಗೂ ಥ್ಯಾಂಕ್ಸ್. ಆದರೆ ಮಾವ, ಅದು ನಾಲ್ಕು ಸೀಟಿನ ಸೆಸ್ನಾ. ಬೆಂಗಳೂರಿಗೆ ಅದರಲ್ಲಿ ಬರೋಕಾಗಲ್ಲ.

ಇದನ್ನು ಬರೆಯಲು ಕೂತಿದ್ದು ಮಾತ್ರ ಬೇರೊಬ್ಬರ ಸಲುವಾಗಿ. ಅವರು ಇದನ್ನು ಓದುವುದಿಲ್ಲ. ಕನ್ನಡ ಬರುತ್ತಿರಲಿಲ್ಲ, ಮತ್ತೆ ಫೆಬ್ರವರಿಯಲ್ಲಿ ತೀರಿಕೊಂಡರು.

ಕೆನಡಾದ ಸಸ್ಕ್ಯಾಚೆವಾನ್‌ನ ಬಯಲಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಮುದುಕರು. ಹೆಸರು ಬೇಡ, ನಮ್ಮಮ್ಮ ಇಟ್ಟ ಹೆಸರೇ ಸಾಕು. ಅಮ್ಮ ಇಲ್ಲಿಗೆ ಬಂದಿದ್ದಾಗ ಅವರ ಹೊಲ ತೋರಿಸಿದೆ. ಎಲ್ಲಿಗೆ ಮುಗಿಯುತ್ತೆ ಅಂತ ಕೇಳಿದರು, ಕಾಣಿಸೋದಿಲ್ಲ ಅಂದೆ. "ಹಾಗಾದ್ರೆ ಇವರು ಗೌಡ್ರೇ ಬಿಡು" ಅಂದರು. ಅವತ್ತಿನಿಂದ ಅವರು ಗೌಡ್ರು, ಅವರ ಹೆಂಡತಿ ಗೌಡ್ತಿ. ಅವರಿಗೂ ಖುಷಿಯಾಗಿತ್ತು, ನನ್ನ ಫೋನ್ ಬಂದರೆ "ಗೌಡ್ರು" ಅಂತಲೇ ಎತ್ತುತ್ತಿದ್ದರು, ಡಕಾರ ಬಾರದ ನಾಲಿಗೆಯಲ್ಲಿ.

ಹುಟ್ಟಿದ್ದು 1935ರಲ್ಲಿ. ಮಳೆ ಇಲ್ಲದೆ, ಮೇಲ್ಮಣ್ಣೆಲ್ಲ ಗಾಳಿಗೆ ಎದ್ದು ಬೇಲಿಗಳನ್ನೇ ಮುಚ್ಚುತ್ತಿದ್ದ ಕಾಲ ಅದು. ತಾತ ಉಕ್ರೇನಿನಿಂದ ಬಂದು, ಹತ್ತು ಡಾಲರ್ ಕಟ್ಟಿ, 160 ಎಕರೆ ಬರೆಸಿಕೊಂಡು ಉಳುಮೆ ಶುರು ಮಾಡಿದವರು. ಆಮೇಲೆ ಎರಡನೇ ಮಹಾಯುದ್ಧ ಬಂತು. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹುಡುಗರನ್ನೆಲ್ಲ ಕೆನಡಾಗೆ ಕರೆತಂದು, ಇಲ್ಲಿನ ಹುಡುಗರ ಜೊತೆಗೇ ವಿಮಾನದ ಕೆಲಸ ಕಲಿಸಿದರು, ಎಲ್ಲ ಸೇರಿ ಒಟ್ಟು 1,30,000ಕ್ಕೂ ಜಾಸ್ತಿ ಸಿಬ್ಬಂದಿ. ಈ ಬಯಲಿನ ತುಂಬ ಏರ್‌ಫೀಲ್ಡ್‌ಗಳು. ಹಳದಿ ವಿಮಾನಗಳು ಇವರ ಮನೆ ಮೇಲೇ ಹೋಗುತ್ತಿದ್ದವಂತೆ, ಹುಡುಗ ಹಾಲು ಕರೆಯೋದು ಬಿಟ್ಟು ಹೊರಗೆ ಓಡುತ್ತಿದ್ದನಂತೆ, ಹಸು ಚೊಂಬು ಒದೆಯುತ್ತಿತ್ತಂತೆ.

ಯುದ್ಧ ಮುಗಿದ ಮೇಲೆ ಸರ್ಕಾರ ಹಳೇ ವಿಮಾನಗಳನ್ನು ರೈತರಿಗೆ ಕಡಿಮೆ ಬೆಲೆಗೆ ಮಾರಿತು. ಇವರ ಅಪ್ಪ ಒಂದು ಏವ್ರೋ ಆನ್ಸನ್ ತಂದರು. ಹಾರಿಸೋಕಲ್ಲ. ಚಕ್ರ ಗಾಡಿಗೆ, ಟ್ಯಾಂಕ್ ನೀರಿಗೆ, ರೆಕ್ಕೆಯ ಹಲಗೆ ಕೋಳಿಗೂಡಿಗೆ. ಉಳಿದ ಹೊಟ್ಟೆಭಾಗ ಕೊಟ್ಟಿಗೆ ಪಕ್ಕ ಬಿದ್ದಿತ್ತು. ಹುಡುಗ ಅದರೊಳಗೆ ಕೂತು ಬರ್ಲಿನ್‌ವರೆಗೂ ಹೋಗಿ ಬರುತ್ತಿದ್ದ. ಸೀಟಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. "ನನ್ನ ಮೊದಲ ಕೋ-ಪೈಲಟ್" ಅನ್ನುತ್ತಿದ್ದರು ಅದನ್ನ.

1961ರಲ್ಲಿ ಕೆನಡಾ ಚೀನಾಗೆ ಗೋಧಿ ಮಾರಿತು. ವರ್ಷಗಳಿಂದ ಕಣಜದಲ್ಲಿ ಕೊಳೆಯುತ್ತಿದ್ದ ಗೋಧಿಗೆ ದುಡ್ಡು ಬಂತು, ಗೌಡ್ರು ಆ ದುಡ್ಡಲ್ಲಿ ಪೈಪರ್ ಕಬ್ ಅನ್ನೋ ಒಂದು ಹಳೇ ಪುಟ್ಟ ವಿಮಾನ ಕೊಂಡರು. 65 ಹಾರ್ಸ್‌ಪವರ್, ಮುಂದೊಂದು ಹಿಂದೊಂದು ಸೀಟು, ಬ್ಯಾಟರಿ ಇಲ್ಲ, ಸ್ಟಾರ್ಟರ್ ಇಲ್ಲ. ಪ್ರೊಪೆಲರನ್ನು ಕೈಯಲ್ಲೇ ತಿರುಗಿಸಿ ಸ್ಟಾರ್ಟ್ ಮಾಡಬೇಕು. ಐವತ್ತು ವರ್ಷಕ್ಕೂ ಮೇಲೆ ಆ ಕೆಲಸ ಮಾಡಿದ್ದು ಗೌಡ್ತಿ. ಕಟಾವಿನ ನಡುವೆ ಕೊಯ್ಲಿನ ಯಂತ್ರದ ಬೇರಿಂಗ್ ಮುರಿದರೆ ಗೌಡ್ರು ಸಸ್ಕಟೂನ್ ನಗರಕ್ಕೆ ಹಾರಿ ಹೋಗಿ ಮಧ್ಯಾಹ್ನದೊಳಗೆ ತರುತ್ತಿದ್ದರು. ಚಳಿಗಾಲದಲ್ಲಿ ಚಕ್ರ ತೆಗೆದು ಹಿಮದ ಮೇಲೆ ಜಾರುವ ಹಲಗೆ ಹಾಕುತ್ತಿದ್ದರು. ದನ ನೋಡೋಕೆ, ಬೇಲಿ ನೋಡೋಕೆ ಅಂತ ಹೇಳುತ್ತಿದ್ದರು. ಸುಮ್ನೆ ಹಾರೋಕೂ ಹೋಗುತ್ತಿದ್ದರು ಅನ್ನೋದು ಎಲ್ಲರಿಗೂ ಗೊತ್ತಿತ್ತು.

ನನಗೆ ಅವರ ಪರಿಚಯ ಆಗಿದ್ದು ಚನ್ನಂಗಿ ಬೇಳೆಯಿಂದ. ಬೇಳೆ ಒಡೆಯುವ ಮಿಲ್ಲಿನಲ್ಲಿ ಕಾಳಿನ ಸ್ಯಾಂಪಲ್ ನೋಡುವ ಕೆಲಸ ನನ್ನದು, ಅವರು ಪ್ಲಾಸ್ಟಿಕ್ ಚೀಲದಲ್ಲಿ ಕಾಳು ಹಿಡಿದುಕೊಂಡು ಬರುತ್ತಿದ್ದರು. 2017ರ ಡಿಸೆಂಬರ್‌ನಲ್ಲಿ ಭಾರತ ಈ ಬೇಳೆ ಮೇಲೆ 30% ಸುಂಕ ಹಾಕಿತು. ಅಲ್ಲಿನ ರೈತರಿಗೆ ಅದು ಬೇಕಿತ್ತೇನೋ, ನಮ್ಮಪ್ಪನೂ ರೈತರೇ, ನಾನು ವಾದ ಮಾಡಲ್ಲ. ಇಲ್ಲಿ ಬೆಲೆ ಬಿತ್ತು, ಮಿಲ್ಲಿನಲ್ಲಿ ಕೆಲಸ ಕಡಿಮೆಯಾಯಿತು, ಮಾರ್ಚ್ ಹೊತ್ತಿಗೆ ನನ್ನನ್ನು ಮನೆಗೆ ಕಳಿಸಿದರು. ಯಜಮಾನರಿಗೆ ಆಗಿನ್ನೂ ಕೆಲಸ ಸಿಕ್ಕಿರಲಿಲ್ಲ. ಹೊರಗೆ ಮೈನಸ್ 30. ಆ ತಿಂಗಳುಗಳ ಬಗ್ಗೆ ಇಷ್ಟು ಸಾಕು.

ಗೌಡ್ರ ಕಣಜಗಳೂ ಮಾರಾಟವಾಗದ ಬೇಳೆಯಿಂದ ತುಂಬಿದ್ದವು. ಆದರೂ ಫೋನ್ ಮಾಡಿ, "ನಿಮ್ಮ ದೇಶದವರು ಸಾರು ಮಾಡೋದು ಬಿಟ್ಟರಾ?" ಅಂತ ತಮಾಷೆ ಮಾಡಿ, ಕಟಾವಿಗೆ ಟ್ರಕ್ ಓಡಿಸೋಕೆ ಬರ್ತೀಯಾ ಅಂತ ಕೇಳಿದರು. ನನಗೆ ಕಾರೇ ಸರಿಯಾಗಿ ಬರುತ್ತಿರಲಿಲ್ಲ. ಹೋದೆ.

ಒಂದು ಸಂಜೆ ಒಕ್ಕಣೆ ಮುಗಿದ ಮೇಲೆ ಕಬ್‌ನಲ್ಲಿ ಕೂರಿಸಿದರು. ಪೈಲಟ್ ಹಿಂದಿನ ಸೀಟಲ್ಲಿ, ನಾನು ಮುಂದೆ. ನನ್ನ ಮೂಗಿನ ನೇರಕ್ಕೆ, ಗಾಜಿನ ಆಚೆ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದಿಂದ ಒಂದು ತಂತಿ ಎದ್ದು ನಿಂತಿತ್ತು. ಒಳಗೆ ಅದರ ತುದಿಗೆ ಕಾರ್ಕ್ ಇದೆ, ಪೆಟ್ರೋಲ್ ಮೇಲೆ ತೇಲುತ್ತೆ. ಪೆಟ್ರೋಲ್ ಇಳಿದಂತೆ ತಂತಿಯೂ ಇಳಿಯುತ್ತೆ. ಅದೇ ಮೀಟರ್, ಅಷ್ಟೇ. ನನ್ನ ತಲೆ ಅಡ್ಡ ಬಂದು ಅವರಿಗೆ ಕಾಣುತ್ತಿರಲಿಲ್ಲ. "ತಂತಿ ಎಷ್ಟಿದೆ?" ಅಂತ ಹಿಂದಿನಿಂದ ಕೂಗುತ್ತಿದ್ದರು, ನಾನು "ಒಂದು ಗೇಣು" ಅಂತ ಕನ್ನಡದಲ್ಲೇ ಕೂಗಿ, ಬೆರಳು ಅಗಲಿಸಿ ತೋರಿಸುತ್ತಿದ್ದೆ. ಕೆಳಗೆ ಭೂಮಿಯೆಲ್ಲ ಚೌಕಟ್ಟು, ಒಂದೊಂದು ಚೌಕ ಒಂದು ಮೈಲಿ, 640 ಎಕರೆ. ಪಶ್ಚಿಮಕ್ಕೆ ಹೋದರೆ ಮೈಲಿಗೊಂದು ರಸ್ತೆ ಅಡ್ಡ ಬರುತ್ತೆ. ಗಡಿಯಾರ ನೋಡು ಅಂದರು. ರಸ್ತೆಯಿಂದ ರಸ್ತೆಗೆ ಒಂದು ನಿಮಿಷವಾದರೆ ಗಂಟೆಗೆ 60 ಮೈಲಿ. ವೇಗದ ಮೀಟರ್ ತೋರಿಸೋದರಲ್ಲಿ ಇದನ್ನು ಕಳೆದರೆ ಎದುರು ಗಾಳಿ ಎಷ್ಟು ಅಂತ ಗೊತ್ತಾಗುತ್ತೆ. ಎಂಟು ತಿಂಗಳಲ್ಲಿ ಮೊದಲ ಸಲ ನನ್ನ ತಲೆಯಲ್ಲಿ ಬಾಡಿಗೆ ಬಿಟ್ಟು ಬೇರೆ ಲೆಕ್ಕ ಓಡಿತು.

ಮರುವರ್ಷ ಹೃದಯದ ತೊಂದರೆ ಅಂತ ಗೌಡ್ರ ಮೆಡಿಕಲ್, ಅಂದರೆ ಹಾರೋಕೆ ಬೇಕಾದ ಆರೋಗ್ಯದ ಸರ್ಟಿಫಿಕೇಟ್, ಹೋಯಿತು. ಒಬ್ಬರೇ ಹಾರುವ ಹಾಗಿಲ್ಲ. "ನೀನು ಕಲಿ, ನಾನು ಪಕ್ಕದಲ್ಲಿ ಕೂರ್ತೀನಿ" ಅಂದರು. ನಾನು ನಕ್ಕೆ. ಆಮೇಲೆ ಕೆಲಸ ಮತ್ತೆ ಸಿಕ್ಕಿತು, ಮಗಳ ಶಾಲೆ, ಕೋವಿಡ್, ಕಾಸು ಕೂಡಿಸೋದು, ಹೀಗೇ ಐದು ವರ್ಷ ಹೋಯಿತು. ಶುರು ಮಾಡಿದಾಗ ಅವರಿಗೆ 89. ನಾನು ಮೊದಲ ಸಲ ಒಬ್ಬಳೇ ಹಾರಿದ ದಿನ ಕುರ್ಚಿ ಹಾಕಿಕೊಂಡು ಬೇಲಿ ಪಕ್ಕ ಕೂತಿದ್ದರು. ಇಳಿದಾಗ ಮೂರು ಸಲ ಪುಟಿದೆ. "ಮೂರು ಲ್ಯಾಂಡಿಂಗ್ ಬರೆದುಕೋ" ಅಂದರು. ವಿದ್ಯಾರ್ಥಿ ಪರ್ಮಿಟ್‌ನಲ್ಲಿ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಹಾಗಾಗಿ ನನ್ನ ಪಕ್ಕದ ಸೀಟಿನಲ್ಲಿ ಅವರು ಕೂರಲೇ ಇಲ್ಲ. ಇನ್ನೂ ಆರು ತಿಂಗಳು ಮೊದಲೇ ಶುರು ಮಾಡಬೇಕಿತ್ತು ನಾನು.

ಉಳಿದ ಥ್ಯಾಂಕ್ಸ್ ಬೇಗ ಹೇಳಿಬಿಡುತ್ತೇನೆ. ನನ್ನ ಮಗಳಿಗಿಂತ ಹತ್ತೇ ವರ್ಷ ದೊಡ್ಡವನಾದ, ಒಂದು ದಿನವೂ ದನಿ ಏರಿಸದ ನನ್ನ ಇನ್‌ಸ್ಟ್ರಕ್ಟರ್‌ಗೆ. ವಾರಕ್ಕೆ ಮೂರು ದಿನ ಅಡುಗೆ ಮಾಡಿದ ಯಜಮಾನರಿಗೆ (ಮೂರೂ ದಿನ ಚಿತ್ರಾನ್ನ, ಇರಲಿ). ರೇಡಿಯೋ ಮಾತು ಅಭ್ಯಾಸ ಮಾಡುವಾಗ ಕಂಟ್ರೋಲ್ ಟವರ್ ಆದ ಮಗಳಿಗೆ. ಹಾರುವ ಮೊದಲು ಫೋನ್ ಮಾಡು ಅಂತ ಹೇಳಿ, ಪ್ರತಿ ಸಲವೂ ದೀಪ ಹಚ್ಚಿ ಕೂತ ಅಮ್ಮನಿಗೆ.

ಮತ್ತೆ ಗೌಡ್ತಿಗೆ. ಭಾನುವಾರ ನನ್ನ ಮೊದಲ ಪ್ಯಾಸೆಂಜರ್ ಅವರೇ. ಅಭ್ಯಾಸಬಲದಿಂದ ಪ್ರೊಪೆಲರ್ ಹತ್ತಿರ ಹೋಗಿ ನಿಂತಿದ್ದರು, ಇದಕ್ಕೆ ಸ್ಟಾರ್ಟರ್ ಇದೆ ಅಂತ ಹೇಳಿ ಒಳಗೆ ಕೂರಿಸಬೇಕಾಯಿತು. ಅವರ ಹೊಲದ ಮೇಲೆ ಎರಡು ಸುತ್ತು ಹಾಕಿದೆ. ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಸುಮ್ಮನಿದ್ದೆ. ಆಮೇಲೆ ಕಿಟಕಿಗೆ ಹಣೆ ಒತ್ತಿ, ಬೆರಳು ತೋರಿಸಿ, "ನೋಡು, ಪಕ್ಕದವನ ಬೇಳೆಯಲ್ಲಿ ಎಷ್ಟು ಕಳೆ" ಅಂದರು.